ಸೆಟಲ್ ಅಂದ್ರೆ ಏನಣ್ಣ?

ನಮ್ಮ ಕಡೆ ಇಂಗ್ಲಿಷಿನ ಒಂದಕ್ಷರ ಗೊತ್ತಿಲ್ಲದವರೂ ತಡವರಿಸದೆ ಆಡುವ ಇಂಗ್ಲಿಷ್ ಕ್ರಿಯಾಪದಗಳಲ್ಲಿ ‘ಸೆಟಲ್’ ಒಂದು. ಕನ್ನಡಕ್ಕೆ ಬಂದ ಮೇಲೆ ಅದು ‘ಆಗು’ ಜೊತೆಗೂ ಸೇರಿತು, ‘ಮಾಡು’ ಜೊತೆಗೂ ಸೇರಿತು, ಎರಡು ಕಡೆಯೂ ಬೇರೆ ಬೇರೆ ಅರ್ಥ ಕಟ್ಟಿಕೊಂಡಿತು. ಮಗ ಬೆಂಗಳೂರಿನಲ್ಲಿ ಸೆಟಲ್ ಆದ ಎಂದರೆ ಕೆಲಸ, ಮನೆ, ಮದುವೆ ಮೂರೂ ಆದವು ಎಂದು. ಅಂಗಡಿ ಬಾಕಿ ಸೆಟಲ್ ಮಾಡಿದೆ ಎಂದರೆ ಲೆಕ್ಕ ಚುಕ್ತಾ. ಗಲಾಟೆ ಸೆಟಲ್ ಮಾಡಿಸಿದರು ಎಂದರೆ ಯಾರೋ ದೊಡ್ಡವರು ನಡುವೆ ಕೂತು ಎರಡೂ ಕಡೆಯವರ ಬಾಯಿ ಕಟ್ಟಿದರು ಎಂದು. ಕಾರ್ಖಾನೆ ಬಿಟ್ಟು ಬರುವವನ ಕೈಗೆ ಬರುವುದು ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟ್.

ಈ ಪದದಿಂದ ನಾನು ಅನ್ನ ತಿಂದಿದ್ದೇನೆ. ನಂಜನಗೂಡಿನಲ್ಲಿ ಪತ್ರ ಬರಹಗಾರ ನಾನು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಹಕ್ಕು ಬಿಡುಗಡೆ ಪತ್ರ, ಸೆಟಲ್‌ಮೆಂಟ್ ಪತ್ರ ಇವೆಲ್ಲ ನನ್ನ ಕಸುಬು. ಈ ಪದದ ಅರ್ಥವನ್ನು ನೇರವಾಗಿ ನನ್ನ ಮುಖ ನೋಡಿ ಕೇಳಿದವಳು ಒಬ್ಬಳೇ, ನನ್ನ ಒಡಹುಟ್ಟಿದ ತಂಗಿ. ಅವಳಿಗೆ ನಾನು ಕೊಟ್ಟ ಉತ್ತರ ಸುಳ್ಳಾಗಿತ್ತು. ಆ ಉತ್ತರದಿಂದ ಅವಳು ಕಳೆದುಕೊಂಡದ್ದು 30 ಗುಂಟೆ ಗದ್ದೆ.

ನಮ್ಮದು ಚಿಕ್ಕಯ್ಯನಛತ್ರ ಹೋಬಳಿ. ದಾರಿಹೋಕರು ಇಳಿದು, ಉಂಡು, ಮಲಗಿ, ಬೆಳಿಗ್ಗೆ ಎದ್ದು ಹೋಗುವ ಛತ್ರದ ಹೆಸರನ್ನೇ ಹೊತ್ತ ಊರು ಹೋಬಳಿಯ ಕೇಂದ್ರವಾಗಿದೆ. ಸೌತ್ ಇಂಡಿಯಾ ಪೇಪರ್ ಮಿಲ್ಸ್ ಇರುವುದು ಇಲ್ಲೇ. ತಾಲ್ಲೂಕಿನ ಉಳಿದ ಭಾಗದಲ್ಲೂ ಕಾರ್ಖಾನೆಗಳು ಒಂದರ ಹಿಂದೆ ಒಂದು ಎದ್ದಿವೆ. ಕಬಿನಿ ಜಲಾಶಯ 1974ರಲ್ಲಿ ಆದ ಮೇಲೆ ನಾಲೆಯ ನೀರು ಹರಿದು, ರಾಗಿ ಹುರುಳಿ ಬೆಳೆಯುತ್ತಿದ್ದ ಹೊಲಗಳು ಗದ್ದೆಗಳಾದವು. ನನ್ನ ಅಪ್ಪನ ಕಾಲದವರು ನೀರು ಬಂತಲ್ಲ, ಇನ್ನೇನು ಬೇಕು ಎಂದುಕೊಂಡವರು. ನನ್ನ ಕಾಲದವರು ಸಂಬಳ ಬಂದರೆ ಮಾತ್ರ ಸೆಟಲ್ ಎಂದುಕೊಂಡೆವು. ಇದೇ ಸೀಮೆಯ ಇನ್ನೊಂದು ಸಂಗತಿ ಹೇಳಬೇಕು. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಮದುವೆಯಾಗದ ಯುವಕರು ಪಾದಯಾತ್ರೆ ಹೊರಟರು. ಅವರಲ್ಲಿ ಬಹಳ ಮಂದಿ ರೈತರು. ಹೆಣ್ಣು ಸಿಗಲಿ ಎಂದು ಮಾದಪ್ಪನಿಗೆ ಹರಕೆ. ಪತ್ರಿಕೆಗಳಲ್ಲಿ ಅದನ್ನು ಕಂಡು ನಕ್ಕವರುಂಟು, ನನಗೆ ನಗು ಬರಲಿಲ್ಲ. ತಲೆಮಾರುಗಳಿಂದ ಒಂದೇ ನೆಲದ ಮೇಲೆ ಕೂತವನಿಗೆ ‘ಹುಡುಗ ಇನ್ನೂ ಸೆಟಲ್ ಆಗಿಲ್ಲ’ ಎನ್ನುತ್ತೇವೆ. ಬೆಂಗಳೂರಿನ ಬಾಡಿಗೆ ರೂಮಿನಲ್ಲಿ ಹನ್ನೊಂದು ತಿಂಗಳ ಕರಾರಿನ ಮೇಲೆ ಇರುವವನಿಗೆ ‘ಸೆಟಲ್ ಆಗಿದ್ದಾನೆ’ ಎನ್ನುತ್ತೇವೆ.

ಆದರೆ ನಾನು ಇಲ್ಲಿ ಬರೆಯಬೇಕಾದದ್ದು ಸೆಟಲ್ ಆಗುವ ವಿಷಯವಲ್ಲ, ಸೆಟಲ್ ಮಾಡುವ ವಿಷಯ.

ಅಪ್ಪ ತೀರಿಕೊಂಡಾಗ ಉಳಿದದ್ದು 2 ಎಕರೆ 10 ಗುಂಟೆ. ತಾತನಿಂದ ಬಂದ ಪಿತ್ರಾರ್ಜಿತ, ನಾಲೆ ನೀರಿನ ಗದ್ದೆ. ಅವ್ವ ಅದಕ್ಕೂ ಮೊದಲೇ ಹೋಗಿದ್ದಳು. ನಾವು ಮೂವರು ಮಕ್ಕಳು: ನಾನು, ನನ್ನ ತಮ್ಮ, ನಮ್ಮಿಬ್ಬರಿಗಿಂತ ಚಿಕ್ಕವಳಾದ ತಂಗಿ. ತಂಗಿಯನ್ನು 1997ರಲ್ಲಿ ತಿ. ನರಸೀಪುರ ತಾಲ್ಲೂಕಿನ ಒಂದು ಹಳ್ಳಿಗೆ ಕೊಟ್ಟಿದ್ದೆವು. ಆ ಇಸವಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ನನ್ನ ತಪ್ಪಿನ ತೂಕ ಅದರಲ್ಲಿದೆ.

ಕರ್ನಾಟಕದಲ್ಲಿ 1994ರ ಜುಲೈ 30ರಿಂದ ಹಿಂದೂ ಉತ್ತರಾಧಿಕಾರ ಕಾಯಿದೆಯ ತಿದ್ದುಪಡಿ ಜಾರಿಯಲ್ಲಿತ್ತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು, ಹುಟ್ಟಿನಿಂದಲೇ. ಆ ದಿನಕ್ಕೆ ಮೊದಲೇ ಮದುವೆಯಾಗಿ ಹೋದ ಹೆಣ್ಣುಮಕ್ಕಳು ಮಾತ್ರ ಅದರಿಂದ ಹೊರಗೆ. ಇಡೀ ದೇಶಕ್ಕೆ ಅಂಥ ಕಾನೂನು ಬಂದದ್ದು 2005ರ ಸೆಪ್ಟೆಂಬರ್ 9ರಂದು. ನಮ್ಮ ರಾಜ್ಯ ಹನ್ನೊಂದು ವರ್ಷ ಮುಂದಿತ್ತು. ಇನ್ನೂ ಹಿಂದಕ್ಕೆ ಹೋದರೆ, ನಾಲ್ವಡಿಯವರ ಕಾಲದಲ್ಲಿ, 1933ರಲ್ಲೇ ಮೈಸೂರು ಸಂಸ್ಥಾನ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ಮಾಡಿ, ವಿಭಾಗದ ಹೊತ್ತಿನಲ್ಲಿ ವಿಧವೆಗೆ, ತಾಯಿಗೆ, ಮದುವೆಯಾಗದ ಮಗಳಿಗೆ ಪಾಲು ಕೊಡಬೇಕೆಂದಿತ್ತು. ಬ್ರಿಟಿಷ್ ಇಂಡಿಯಾ ಬರೀ ವಿಧವೆಯರ ಮಟ್ಟಿಗೆ ಈ ಮಾತು ಒಪ್ಪಿಕೊಳ್ಳಲು 1937 ಆಗಬೇಕಾಯಿತು. ಇದನ್ನೆಲ್ಲ ನಾನು ಆಮೇಲೆ ಓದಿ ತಿಳಿದದ್ದಲ್ಲ. ನನ್ನ ಮೇಜಿನ ಮೇಲಿನ ಪುಸ್ತಕಗಳಲ್ಲಿ ಇದ್ದದ್ದು, ದುಡ್ಡು ಕೊಟ್ಟು ಕೇಳಿದವರಿಗೆ ನಾನೇ ಬಿಡಿಸಿ ಹೇಳುತ್ತಿದ್ದದ್ದು. 1997ರಲ್ಲಿ ಮದುವೆಯಾದ ನನ್ನ ತಂಗಿಗೆ ಮೂರರಲ್ಲಿ ಒಂದು ಪಾಲು ಇತ್ತು. 90 ಗುಂಟೆಯಲ್ಲಿ 30.

2002ರಲ್ಲಿ ತಮ್ಮ ಮತ್ತು ನಾನು ಖಾತೆ ಬೇರೆ ಮಾಡಿಕೊಳ್ಳಲು ಹೊರಟೆವು. ತಂಗಿಯಿಂದ ಹಕ್ಕು ಬಿಡುಗಡೆ ಪತ್ರ ಬರೆಸಿಕೊಂಡುಬಿಟ್ಟರೆ ಮುಂದೆ ತಕರಾರಿಲ್ಲ ಎಂದು ತಮ್ಮನಿಗೆ ಹೇಳಿಕೊಟ್ಟವನು ನಾನು. ಅವನಿಗೆ ಕಾನೂನು ಗೊತ್ತಿರಲಿಲ್ಲ. ನಮ್ಮ ಕಡೆಯ ರೂಢಿಯೂ ನನ್ನ ಬೆನ್ನಿಗಿತ್ತು. ಹೆಣ್ಣುಮಗಳಿಗೆ ಅರಿಶಿನ ಕುಂಕುಮಕ್ಕೆ ಎಂದು ಒಂದಿಷ್ಟು ಹಣ, ಒಂದು ಸೀರೆ, ಊಟ; ಅವಳು ರುಜು ಹಾಕಬೇಕು, ಹಾಕುತ್ತಾಳೆ. ಹಾಕದವಳಿಗೆ ತವರಿನ ಬಾಗಿಲು ಮುಚ್ಚುತ್ತದೆ. ಗೌರಿ ಹಬ್ಬಕ್ಕೆ ಬಾಗಿನ ಬರುವುದಿಲ್ಲ, ಬಾಣಂತನಕ್ಕೆ ಕರೆಯುವವರಿಲ್ಲ, ಮಕ್ಕಳ ಶುಭಕಾರ್ಯಕ್ಕೆ ಸೋದರಮಾವ ಇಲ್ಲ. ಈ ಭಯವನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಪ್ರತಿ ಹೆಣ್ಣುಮಗಳಿಗೂ ಗೊತ್ತು. ರುಜು ಹಾಕಿಸಿಕೊಳ್ಳಲು ಅಣ್ಣತಮ್ಮಂದಿರಿಗೆ ಅಷ್ಟೇ ಸಾಕು.

ತಂಗಿ ಗಂಡನ ಜೊತೆ ಬಸ್ಸಿಳಿದು ಬಂದಳು. ನಾನು ಬೆರಳಚ್ಚು ಮಾಡಿಸಿದ ಕಾಗದವನ್ನು ಮುಂದಿಟ್ಟೆ.

‘ಇದು ಏನಣ್ಣ?’

‘ಏನಿಲ್ಲ ಕನವ್ವ. ಜಮೀನ್ದು ಸೆಟಲ್ ಮಾಡ್ಬುಡಾನ ಅಂತ.’

‘ಸೆಟಲ್ ಅಂದ್ರೆ ಏನಣ್ಣ?’

‘ಮುಗಿಸೋದು ಅಂತ. ಮುಂದ್ಕೆ ಯಾರ್ಗೂ ತಕರಾರು ಇರ್ಬಾರ್ದಲ್ಲ.’

ಅವಳು ಏಳನೇ ಕ್ಲಾಸು ಓದಿದ್ದಳು. ಕನ್ನಡ ಓದಬಲ್ಲವಳು. ಆದರೆ ನಮ್ಮ ಪತ್ರಗಳ ಕನ್ನಡ ಓದುವುದಕ್ಕೆ ಬರೆದದ್ದಲ್ಲ. ಪುಟದ ಮೇಲಿನಿಂದ ಕೆಳಗಿನವರೆಗೆ ಪೂರ್ಣವಿರಾಮವಿಲ್ಲದ ಒಂದೇ ವಾಕ್ಯ, ನಡುವೆ ಚೆಕ್ಕುಬಂದಿ, ಸರ್ವೆ ನಂಬರು, ಹಕ್ಕು ಬಾಧ್ಯತೆ, ವಾರಸುದಾರರು, ಪರಭಾರೆ. ಕೊನೆಯಲ್ಲಿ, ಯಾರ ಒತ್ತಾಯಕ್ಕೂ ಒಳಪಡದೆ ಸ್ವಇಚ್ಛೆಯಿಂದ ಓದಿಸಿ ಕೇಳಿ ಒಪ್ಪಿ ರುಜು ಮಾಡಿದ್ದೇನೆ ಎಂಬ ಸಾಲು. ಆ ಸಾಲನ್ನು ನಾನು ಎಷ್ಟೋ ಪತ್ರಗಳಲ್ಲಿ ಬರೆದಿದ್ದೇನೆ. ಅವಳಿಗೆ ಯಾರೂ ಓದಿ ಹೇಳಿರಲಿಲ್ಲ. ಅವಳು ಪ್ರತಿ ಪುಟಕ್ಕೂ ರುಜು ಹಾಕಿದಳು, ಎಡಗೈ ಹೆಬ್ಬೆಟ್ಟು ಒತ್ತಿದಳು. ಸಾಕ್ಷಿಗಳ ಕೆಳಗೆ, ಬಿಕಲಂ ಎಂಬಲ್ಲಿ, ನನ್ನ ಹೆಸರು. ಬರೆದವನ ಲೇಖನಿ ಇದು ಎಂಬುದಕ್ಕೆ ಹಳೇ ಮೈಸೂರಿನ ಪತ್ರಗಳಲ್ಲಿ ಉಳಿದುಕೊಂಡಿರುವ ಪಾರಸಿ ಮಾತು ಅದು.

ಪತ್ರ ನೋಂದಣಿಯಾಯಿತು. 90 ಗುಂಟೆ 45, 45 ಆಗಿ ನಮ್ಮಿಬ್ಬರ ಪಹಣಿಗೆ ಬಂತು.

ಆಮೇಲಿನ ವರ್ಷಗಳಲ್ಲಿ ಬಾಗಿನ ಹೋಗುತ್ತಿತ್ತು, ತಂಗಿ ಬಂದು ಹೋಗುತ್ತಿದ್ದಳು, ಎಲ್ಲ ಸರಿಯಾಗಿದೆ ಎಂದೇ ಕಾಣುತ್ತಿತ್ತು. ಆಸುಪಾಸಿನಲ್ಲಿ ಕಾರ್ಖಾನೆಗಳು ಹೆಚ್ಚಿದಂತೆ ಜಮೀನಿನ ಬೆಲೆ ಏರಿತು. ಅವಳ ಗಂಡನಿಗೆ ಮೂತ್ರಪಿಂಡದ ಕಾಯಿಲೆ ಬಂತು. ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಮೈಸೂರಿಗೆ ಕರೆದುಕೊಂಡು ಹೋಗಬೇಕು. ಇದ್ದ ಒಡವೆ ಅಡಕ್ಕೆ ಹೋಯಿತು. ಗಂಡನ ಮನೆಯ ಜಮೀನು ಇನ್ನೂ ಮಾವನ ಹೆಸರಿನಲ್ಲೇ ಇದ್ದು, ಸಾಲಕ್ಕೆ ಬರುವಂತಿರಲಿಲ್ಲ. ಒಂದು ಸಂಜೆ ಅವಳು ನನ್ನ ಅಂಗಡಿಗೆ ಬಂದು ಮುಂದಿನ ಬೆಂಚಿನ ಮೇಲೆ ಕೂತಳು. ಜನ ಹೋಗುವವರೆಗೂ ಕಾದು, ಬಹಳ ಮೆತ್ತಗೆ ಕೇಳಿದಳು:

‘ಅಣ್ಣ, ಅವತ್ತು ಸೆಟಲ್ ಅಂದ್ರೆ ಮುಗೀತು ಅಂತ ಅಂದಿದ್ದೆ ಅಲ್ವಾ? ಈಗ ನಾನು ಏನೂ ಕೇಳಂಗಿಲ್ಲ ಅಲ್ವಾ?’

ಅವಳು ಜಗಳಕ್ಕೆ ಬಂದಿರಲಿಲ್ಲ. ಅಣ್ಣ ಹೇಳಿದ ಅರ್ಥವನ್ನು ನಂಬಿ, ಅದೇ ಸರಿಯೇ ಎಂದು ಖಚಿತ ಮಾಡಿಕೊಳ್ಳಲು ಬಂದಿದ್ದಳು. ಅವಳ ಕೈಯಲ್ಲಿ 30 ಗುಂಟೆಯ ಪಹಣಿ ಇದ್ದಿದ್ದರೆ ಸಹಕಾರ ಸಂಘದಲ್ಲೋ ಬ್ಯಾಂಕಿನಲ್ಲೋ ತಲೆಯೆತ್ತಿ ಸಾಲ ಕೇಳಬಹುದಿತ್ತು. ನಾನು ಇದ್ದಷ್ಟು ಹಣ ಕೊಟ್ಟು ಕಳಿಸಿದೆ. ಅವಳದನ್ನೇ ಅವಳಿಗೆ ದಯೆಯಂತೆ ಕೊಟ್ಟೆನೆಂಬುದು ಆ ರಾತ್ರಿ ನನ್ನನ್ನು ನಿದ್ದೆ ಮಾಡಲು ಬಿಡಲಿಲ್ಲ. ಅವಳ ಗಂಡ ಉಳಿಯಲಿಲ್ಲ.

ಆ ಮೇಲೆ ನಾನು ಆ ಪದವನ್ನು ಹುಡುಕಲು ಹೊರಟೆ. ನಿಘಂಟು ತೆರೆದು, ಗೊತ್ತಿದ್ದವರನ್ನು ಕೇಳಿ, ಅದರ ಬೇರಿನವರೆಗೆ ಹೋದೆ. ಕೆಲಸವಿಲ್ಲದವನ ಚಪಲ ಎಂದು ಮನೆಯವರಿಗೆ ಕಂಡಿರಬಹುದು. ತಂಗಿಗೆ ನಾನು ಹೇಳಿದ ಅರ್ಥ ಎಲ್ಲಾದರೂ ಇದೆಯೇ ಎಂದು ನನಗೆ ನೋಡಲೇಬೇಕಿತ್ತು.

ಹಳೆಯ ಇಂಗ್ಲಿಷಿನಲ್ಲಿ ಸೆಟ್ಲ್ ಅಂದರೆ ಕೂರುವ ಜಾಗ, ಪೀಠ. ಅದರಿಂದ ಬಂದ ಸೆಟ್ಲನ್ ಎಂಬ ಕ್ರಿಯಾಪದಕ್ಕೆ ಕೂರಿಸು, ನೆಲೆಗೊಳಿಸು ಎಂಬ ಅರ್ಥ. ಬೆನ್ನಿಗೆ ಎತ್ತರದ ಒರಗು ಇರುವ ಉದ್ದನೆಯ ಮರದ ಬೆಂಚಿಗೆ ಇಂಗ್ಲಿಷಿನಲ್ಲಿ ಇವತ್ತಿಗೂ ಸೆಟಲ್ ಎಂದೇ ಹೆಸರು. ಸಿಟ್, ಸೀಟ್ ಅದರ ಒಡಹುಟ್ಟುಗಳು. ಇನ್ನೂ ಆಳದಲ್ಲಿ ಸಂಸ್ಕೃತದ ಸದ್ ಧಾತುವೂ ಅದೇ ಮನೆತನದ್ದು. ಸದನ, ಸಂಸತ್ತು, ಗುರುವಿನ ಬಳಿ ಕೂತು ಕೇಳುವ ಉಪನಿಷತ್ತು, ಸುತ್ತ ಕೂರುವ ಪರಿಷತ್ತು. 1915ರಲ್ಲಿ ಹುಟ್ಟಿದ ನಮ್ಮ ಸಾಹಿತ್ಯ ಪರಿಷತ್ತಿನ ಹೆಸರಿನಲ್ಲೂ ಆ ಕೂರುವಿಕೆಯೇ ಇದೆ. ಕೂರಲು ಜಾಗ ಕೊಡುವುದು, ಬಂದವರನ್ನು ತಮ್ಮ ನಡುವೆ ಕೂರಿಸಿಕೊಳ್ಳುವುದು: ಪದದ ಮೊದಲ ಅರ್ಥ ಇದು.

ಜಗಳ ತೀರಿಸುವ ಅರ್ಥದ ಹಿಂದೆ ಇನ್ನೊಂದು ಪದವಿದೆ. ಹಳೆಯ ಇಂಗ್ಲಿಷಿನಲ್ಲಿ ಸಾಹ್ಟ್ ಅಂದರೆ ರಾಜಿ, ಮುನಿಸು ಕಳೆದು ಒಂದಾಗುವುದು. ಅದರಿಂದ ಬಂದ, ಒಂದುಗೂಡಿಸು ಎಂಬ ಅರ್ಥದ ಕ್ರಿಯಾಪದವೊಂದು ಕೇಳಲು ಸೆಟಲ್‌ಗೆ ಹತ್ತಿರವಿತ್ತು. ಕಾಲಕ್ರಮದಲ್ಲಿ ಅದು ಸೆಟಲ್‌ನಲ್ಲಿ ಬೆರೆತುಹೋಯಿತು ಎಂದು ಭಾಷಾವಿದ್ವಾಂಸರು ಹೇಳುತ್ತಾರೆ. ಹೀಗೆ ಈ ಒಂದು ಪದದಲ್ಲಿ ಎರಡು ಕೆಲಸ ಕೂಡಿವೆ, ಕೂರಿಸುವುದು ಮತ್ತು ಒಂದು ಮಾಡುವುದು. ಬಾಯಿ ಮುಚ್ಚಿಸುವುದು ಎರಡರಲ್ಲೂ ಇಲ್ಲ.

ಇಂಗ್ಲೆಂಡಿನ ಕಾನೂನಿನಲ್ಲಿ ಮ್ಯಾರೇಜ್ ಸೆಟಲ್‌ಮೆಂಟ್ ಎಂಬುದು ಏನಾಗಿತ್ತು ಎಂದು ತಿಳಿದಾಗ ನಾನು ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕೂತೆ. ಆ ದೇಶದಲ್ಲಿ ಮದುವೆಯಾದ ಹೆಣ್ಣಿನ ಚರಾಸ್ತಿ ಗಂಡನದಾಗುತ್ತಿತ್ತು, ಸ್ಥಿರಾಸ್ತಿಯ ಹಿಡಿತವೂ ಅವನ ಕೈಗೇ ಹೋಗುತ್ತಿತ್ತು. ಆ ಸ್ಥಿತಿ ಪೂರಾ ಬದಲಾದದ್ದು 1882ರ ಕಾಯಿದೆಯಿಂದ. ಅದಕ್ಕೂ ಮೊದಲು, ಉಳ್ಳವರು ಮಗಳ ಮದುವೆಯಲ್ಲಿ ಆಸ್ತಿಯನ್ನು ಬೇರೆಯಾಗಿ ತೆಗೆದಿಟ್ಟು, ಗಂಡನ ಕೈಗೂ ಅವನ ಸಾಲಗಾರರ ಕೈಗೂ ಸಿಗದಂತೆ ಧರ್ಮದರ್ಶಿಗಳ ವಶಕ್ಕೆ ಕೊಟ್ಟು, ಮಗಳಿಗೆ ಕಾಪಾಡುತ್ತಿದ್ದರು. ಅದಕ್ಕೆ ಸೆಟಲ್‌ಮೆಂಟ್ ಎನ್ನುತ್ತಿದ್ದರು. ಅದೇ ಹೆಸರಿನ ಬೇರೆ ಏರ್ಪಾಡುಗಳು ಜಮೀನನ್ನು ಹಿರಿಮಗನಿಗೇ ಉಳಿಸಿ ಹೆಣ್ಣುಮಕ್ಕಳಿಗೆ ಒಂದಿಷ್ಟು ಹಣ ಕೊಟ್ಟು ಕಳಿಸಿದ್ದೂ ಉಂಟು, ಅಲ್ಲಿನವರೆಲ್ಲ ಧರ್ಮಾತ್ಮರೇನಲ್ಲ. ಆದರೂ ಹೆಣ್ಣುಮಗಳಿಗೆ ಆಸ್ತಿ ಉಳಿಸಿಕೊಡಲು ಬಳಸಿದ ಪದವನ್ನು ನಾನು ಹೆಣ್ಣುಮಗಳಿಂದ ಆಸ್ತಿ ಕಿತ್ತುಕೊಳ್ಳಲು ಬಳಸಿದ್ದೆ.

ಅಷ್ಟು ದೂರ ಹೋಗಬೇಕಾದ್ದೂ ಇರಲಿಲ್ಲ. ನಮ್ಮದೇ ಕರ್ನಾಟಕ ಸ್ಟಾಂಪ್ ಕಾಯಿದೆ, 1957ರದ್ದು, ಸೆಟಲ್‌ಮೆಂಟ್ ಎಂದರೇನು ಎಂದು ಬಿಡಿಸಿ ಹೇಳುತ್ತದೆ. ಮದುವೆಯ ಸಲುವಾಗಿ ಕೊಡುವುದು, ಕುಟುಂಬದವರಿಗೆ, ಯಾರ ಬದುಕಿಗೆ ಏರ್ಪಾಡು ಮಾಡಿಡಬೇಕೆಂದು ಮನಸ್ಸಿದೆಯೋ ಅವರಿಗೆ, ತನ್ನನ್ನೇ ಆಸರೆ ಮಾಡಿಕೊಂಡವರಿಗೆ ಹಂಚುವುದು, ಧರ್ಮಕಾರ್ಯಕ್ಕೆ ಬಿಡುವುದು. ದಾರಿಹೋಕರಿಗೆಂದು ಛತ್ರಕ್ಕೆ ಜಾಗ ಬಿಟ್ಟರೂ ಆ ಮೂರನೆಯ ಬಗೆಗೆ ಸೇರುತ್ತದೆ. ಯಾವ ಬಗೆಯಲ್ಲೂ ಇರುವುದು ಕೊಡುವುದೇ. ನನ್ನ ತಂಗಿ ರುಜು ಹಾಕಿದ್ದು ಸೆಟಲ್‌ಮೆಂಟ್ ಪತ್ರವೇ ಅಲ್ಲ, ಹಕ್ಕು ಬಿಡುಗಡೆ ಪತ್ರ. ಎರಡಕ್ಕೂ ಇರುವ ವ್ಯತ್ಯಾಸ ಊರಿನ ಯಾರಿಗೆ ಗೊತ್ತಿಲ್ಲದಿದ್ದರೂ ಪತ್ರ ಬರಹಗಾರನಿಗೆ ಗೊತ್ತು. ‘ನಿನ್ನ ಪಾಲು ಬಿಟ್ಟುಕೊಡು’ ಎನ್ನಲು ನಾಲಿಗೆ ಬರಲಿಲ್ಲ ನನಗೆ. ಕನ್ನಡದಲ್ಲಿ ಹೇಳಿದ್ದರೆ ಅವಳಿಗೆ ತಿಳಿಯುತ್ತಿತ್ತು, ತಿಳಿದರೆ ಕೇಳುತ್ತಿದ್ದಳು. ಅದಕ್ಕೇ ಇಂಗ್ಲಿಷ್ ಪದ ತೆಗೆದೆ. ‘ಬಿಡುಗಡೆ’ ಎಂಬ ನಮ್ಮ ಮಾತೂ ಆ ಪತ್ರದಲ್ಲಿ ಇಂಥದ್ದೇ ಕೆಲಸ ಮಾಡುತ್ತದೆ ಎನ್ನಿ. ಸೆರೆಯಿಂದ ಹೊರಬರುವವರಿಗೆ ಸಲ್ಲುವ ಮಾತು, ಪಾಲು ಕಳೆದುಕೊಳ್ಳುವವರ ಕಿವಿಗೂ ಹಿತವಾಗಿ ಕೇಳುತ್ತದೆ.

ತಿದ್ದಲು ದಾರಿ ಇದೆಯೇ ಎಂದು ನೋಡಿದೆ. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಮೊಕದ್ದಮೆಯಲ್ಲಿ, ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, 2005ರಲ್ಲಿ ತಂದೆ ಬದುಕಿರಬೇಕಾಗಿಲ್ಲ ಎಂದು ತೀರ್ಪು ಕೊಟ್ಟಿತು. ಎಷ್ಟೋ ಹೆಣ್ಣುಮಕ್ಕಳು ಆ ತೀರ್ಪನ್ನು ಹಿಡಿದು ಬಂದರು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲು ಆಗಿಹೋದ ವಿಲೇವಾರಿ, ವಿಭಾಗಗಳನ್ನು 2005ರ ತಿದ್ದುಪಡಿ ಅಲುಗಿಸುವುದಿಲ್ಲ. ನಮ್ಮ ಪತ್ರ 2002ರದ್ದು, ನೋಂದಣಿಯಾದದ್ದು, ಅವಳೇ ರುಜು ಹಾಕಿದ್ದು. ಅದರಲ್ಲಿ ಸಂದು ಬಿಡದಂತೆ ಬರೆದವನು ನಾನೇ.

ತಮ್ಮನ ಹತ್ತಿರ ಹೋದೆ. ಇಬ್ಬರೂ 15, 15 ಗುಂಟೆ ಬಿಟ್ಟುಕೊಡೋಣ, ಅವಳ 30 ಅವಳಿಗೆ ಆಗುತ್ತದೆ ಎಂದೆ. ಅವನು ಸಿಟ್ಟಾಗಲಿಲ್ಲ. ‘ಅವತ್ತು ಸೆಟಲ್ ಆಯ್ತು ಅಂದವ್ನು ನೀನೇ ಅಲ್ವಣ್ಣ? ನಾನು ಅದ್ರ ಮೇಲೆ ಬೋರು ಹಾಕ್ಸಿ, ಮನೆ ಕಟ್ಟಿ, ಮಗಳ ಮದ್ವೆ ಸಾಲ ತಗ್ದಿವ್ನಿ’ ಎಂದ. ಅವನ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಅವನಿಗೂ ನಾನು ಅದೇ ಸುಳ್ಳು ಅರ್ಥ ಹೇಳಿದ್ದೆ, ಅವನೂ ನಂಬಿದ್ದ.

ನನ್ನ ಪಾಲಿನಿಂದ 15 ಗುಂಟೆಗೆ ಸೆಟಲ್‌ಮೆಂಟ್ ಪತ್ರ ಮಾಡಿಕೊಡಲು ಹೊರಟೆ. ಒಂದು ಸರ್ವೆ ನಂಬರಿನ ಭಾಗವನ್ನು ನೋಂದಾಯಿಸಬೇಕಾದರೆ ಮೊದಲು 11ಇ ನಕ್ಷೆ ಆಗಬೇಕು. ಅರ್ಜಿ ಹಾಕಿದೆ. ಸರ್ವೆಯರ್ ಬಂದು ಅಳೆದ ದಿನ ತಂಗಿಯನ್ನೂ ಕರೆಸಿದ್ದೆ. ಅವಳು ಚಿಕ್ಕಂದಿನಲ್ಲಿ ಕಳೆ ಕಿತ್ತ ಗದ್ದೆ ಅದು. ನೀರು ಯಾವ ಕಡೆಯಿಂದ ಬರುತ್ತದೆ, ಬೇಸಿಗೆಯಲ್ಲಿ ತೂಬಿನ ಸರದಿ ಯಾರದ್ದು ಎಂದೆಲ್ಲ ಕೇಳಿದಳು. ನಾಲೆಯ ಕಡೆಯ ತುಂಡು ಅವಳಿಗೆ ಬರುವಂತೆ ಗಡಿ ಹಾಕಿಸಿದೆ. ಪತ್ರವನ್ನು ನಾನೇ ಬರೆದೆ. ಚಿಕ್ಕ ಚಿಕ್ಕ ವಾಕ್ಯಗಳಲ್ಲಿ, ಅವಳು ಓದಬಹುದಾದ ಕನ್ನಡದಲ್ಲಿ. ಈಗ ಕಾವೇರಿ 2.0 ತಂತ್ರಾಂಶ ಬಂದು, ವಿವರಗಳನ್ನು ಮೊದಲೇ ಆನ್‌ಲೈನಿನಲ್ಲಿ ತುಂಬಿಸಿ ಒಪ್ಪಿಗೆ ಪಡೆದು ಹೋಗಬೇಕು. ಪತ್ರದ ಬಗೆ ಯಾವುದು ಎಂದು ಅದು ಕೇಳುವ ಜಾಗದಲ್ಲಿ ಸೆಟಲ್‌ಮೆಂಟ್ ಎಂದು ಆರಿಸುವಾಗ ಕೈ ತಡೆಯಿತು. ಅಷ್ಟು ವರ್ಷಗಳಲ್ಲಿ ಆ ಪದವನ್ನು ಅದರದೇ ಅರ್ಥದಲ್ಲಿ ತಂಗಿಗೆ ಬಳಸುತ್ತಿದ್ದುದು ಅದೇ ಮೊದಲು.

ರುಜು ಹಾಕುವ ಮೊದಲು ಅವಳು, ‘ಪೂರ್ತಿ ಓದು’ ಎಂದಳು. ಕಚೇರಿಯ ಜಗಲಿಯ ಮೇಲೆ ಜನರ ನಡುವೆ ಗಟ್ಟಿಯಾಗಿ ಓದಿದೆ. ಚೆಕ್ಕುಬಂದಿ ಬಂದಾಗ ನಿಲ್ಲಿಸಿ, ಪೂರ್ವಕ್ಕೆ ಯಾರದ್ದು, ಪಶ್ಚಿಮಕ್ಕೆ ಯಾರದ್ದು ಎಂದು ಮತ್ತೆ ಕೇಳಿದಳು. ಮುಗಿದ ಮೇಲೆ, ‘ಇದ್ರಲ್ಲಿ ಮುಗೀತು ಅಂತ ಎಲ್ಲೂ ಇಲ್ವಲ್ಲ’ ಎಂದಳು. ಇಲ್ಲ ಎಂದೆ. ಅವಳು ನನ್ನನ್ನು ಕ್ಷಮಿಸಿದ್ದಾಳೆಂದು ನಾನು ಹೇಳಲಾರೆ. ಅವಳು ಹಾಗೆ ಅಂದಿಲ್ಲ, ನಾನು ಕೇಳಿಯೂ ಇಲ್ಲ. ಗದ್ದೆ ಅವಳ ಮಗನ ಕೈಯಲ್ಲಿದೆ, ಭತ್ತ ಹಾಕುತ್ತಾನೆ. ನಮ್ಮ ಮನೆಗೆ ಬಂದಾಗ ಅವಳು ಊಟ ಮಾಡುತ್ತಾಳೆ, ಮೊದಲಿನಂತೆ ಉಳಿದುಕೊಳ್ಳುವುದಿಲ್ಲ.

ಕಸುಬಿನಲ್ಲಿ ಒಂದು ಬದಲಾವಣೆ ಮಾಡಿಕೊಂಡಿದ್ದೇನೆ. ಹಕ್ಕು ಬಿಡುಗಡೆ ಪತ್ರಕ್ಕೆ ಹೆಣ್ಣುಮಕ್ಕಳನ್ನು ಕರೆತಂದರೆ ಅಣ್ಣತಮ್ಮಂದಿರನ್ನು ಟೀ ಕುಡಿದು ಬನ್ನಿ ಎಂದು ಕಳಿಸಿ, ಆ ಹೆಣ್ಣುಮಗಳಿಗೆ ಹೇಳುತ್ತೇನೆ: ‘ತಾಯಿ, ಈ ಜಮೀನಿನಲ್ಲಿ ನಿಮ್ಮ ಪಾಲು ಇಷ್ಟು ಗುಂಟೆ. ಇದಕ್ಕೆ ರುಜು ಹಾಕಿದರೆ ಅದು ನಿಮ್ಮ ಕೈಬಿಟ್ಟು ಹೋಗುತ್ತದೆ. ಬಿಟ್ಟುಕೊಡುವುದು ನಿಮ್ಮ ಇಷ್ಟ. ಬಿಡದೆ ಇರುವುದೂ ನಿಮ್ಮ ಇಷ್ಟವೇ.’ ಬಹುಪಾಲು ಹೆಣ್ಣುಮಕ್ಕಳು ಆದರೂ ರುಜು ಹಾಕುತ್ತಾರೆ. ತವರು ಬೇಕು ಅವರಿಗೆ. ಕೆಲವರು ಯೋಚಿಸಿ ಬರುತ್ತೇನೆಂದು ಎದ್ದು ಹೋಗಿದ್ದಾರೆ. ಒಬ್ಬಾಕೆ, ಮದುವೆಯಾಗಿ ಮೊಮ್ಮಕ್ಕಳನ್ನು ಕಂಡವರು, ತಮಗೆ ಪಾಲಿದೆ ಎಂಬುದನ್ನು ಅದೇ ಮೊದಲು ಕೇಳುತ್ತಿದ್ದೇನೆ ಎಂದರು. ನನ್ನ ಹತ್ತಿರ ಬರುತ್ತಿದ್ದ ಗಂಡಸರಲ್ಲಿ ಹಲವರು ಈಗ ಬೇರೆ ಬರಹಗಾರರ ಹತ್ತಿರ ಹೋಗುತ್ತಾರೆ.

ತಮ್ಮನ ಹೆಸರಿನಲ್ಲಿರುವ 15 ಗುಂಟೆ ಹಾಗೇ ಇದೆ. ಅದನ್ನು ಕೇಳುವ ಹಕ್ಕು ಕಾನೂನಿನಲ್ಲಿ ತಂಗಿಗೆ ಉಳಿದಿಲ್ಲ, ಉಳಿಯದಂತೆ ನಾನೇ ಬರೆದಿದ್ದೆ. ಆದ್ದರಿಂದ ಕೇಳುವ ಕೆಲಸ ನನ್ನದು. ಯುಗಾದಿಗೂ ಕೇಳಿದೆ, ಗೌರಿ ಹಬ್ಬಕ್ಕೂ ಕೇಳಿದೆ. ಮಗಳ ಮದುವೆ ಸಾಲ ತೀರಲಿ, ನೋಡುವಾ ಎಂದಿದ್ದಾನೆ. ಸಾಲ ತೀರುವುದು ಬರುವ ಸುಗ್ಗಿಗೆ. ಆಗ ಮತ್ತೆ ಹೋಗುತ್ತೇನೆ.